ಹೆಬ್ಬೆಟ್ಟಿನ ಊರಿಂದ ಬೀರುವಿನ ಊರಿಗೆ

ಚೀನಾಕ್ಕೆ ಹೊರಟಿದ್ದೇನೆ ಅಂದಾಗ ಎಲ್ಲರೂ ಮಹಾಗೋಡೆ, ಬುಲೆಟ್ ರೈಲು, ಶಾಂಘೈನ ಕಟ್ಟಡಗಳ ಬಗ್ಗೆಯೇ ಮಾತಾಡಿದರು. ನನಗೆ ನೋಡಬೇಕಿದ್ದದ್ದು ಹಳ್ಳಿ. ಭಾಮೈದ ಶಾಂಘೈನಲ್ಲಿ ಕೆಲಸಕ್ಕೆ ಸೇರಿ ಬಹಳ ವರ್ಷವಾಯಿತು, ಚೀನೀ ಭಾಷೆಯಲ್ಲಿ ಜಗಳವಾಡುವಷ್ಟು ಪಳಗಿದ್ದಾನೆ. "ಹಳ್ಳೀಲಿ ಏನಿದೆ ಭಾವ, ಮುದುಕರು ಇರ್ತಾರೆ ಅಷ್ಟೆ" ಅಂದ. ಅಂದರೂ ರಜೆ ಹಾಕಿ ಜೊತೆಗೆ ಬಂದ. ನೋಡಬೇಕು ಅಂದುಕೊಂಡಿದ್ದ ಊರುಗಳು ಮೂರು. ಎಲ್ಲವನ್ನೂ ಒಟ್ಟಿಗೇ ಇಟ್ಟುಕೊಂಡು ಶ್ರೀಮಂತವಾದ ಒಂದು ಊರು, ಜಮೀನನ್ನು ಕದ್ದು ಹಂಚಿಕೊಂಡು ದೇಶದ ದಾರಿಯನ್ನೇ ತಿರುಗಿಸಿದ ಇನ್ನೊಂದು, ಕಂಪ್ಯೂಟರ್ ಮುಂದೆ ಕೂತು ಮರದ ಬೀರು ಮಾರುವುದಕ್ಕೆ ಹೊರಟ ಮತ್ತೊಂದು.

ವೀಸಾ, ಟಿಕೆಟ್ಟಿನ ಪುರಾಣ ಇಲ್ಲಿ ಬೇಡ. ಆದರೆ ಹೊರಡುವ ಮುಂಚೆ ಅಲಿಪೇ ಆ್ಯಪಿಗೆ ನಿಮ್ಮ ಕಾರ್ಡ್ ಜೋಡಿಸಿಕೊಳ್ಳಿ. ಹಳ್ಳಿ ಸಂತೆಯಲ್ಲಿ ಸೌತೆಕಾಯಿ ಗುಡ್ಡೆ ಹಾಕಿಕೊಂಡು ಕೂತ ಅಜ್ಜಿಯ ಕೊರಳಲ್ಲೂ ಕ್ಯೂಆರ್ ಕೋಡಿನ ಬಿಲ್ಲೆ ನೇತಾಡುತ್ತಿರುತ್ತದೆ. ನೋಟು ಕೊಟ್ಟರೆ ಪಾಪ, ಚಿಲ್ಲರೆಗೆ ಪಕ್ಕದವರ ಹತ್ತಿರ ಓಡುತ್ತಾಳೆ.

ಬುಧವಾರ, ಹ್ವಾಶಿ

ಜಿಯಾಂಗ್ಸು ಪ್ರಾಂತ್ಯದ ಜಿಯಾಂಗ್‌ಯಿನ್‌ಗೆ ಸೇರಿದ ಹ್ವಾಶಿಯನ್ನು ಹಳ್ಳಿ ಅನ್ನಲು ನಾಲಿಗೆ ಏಳುವುದಿಲ್ಲ. ಊರು ಬರುವ ಮೊದಲೇ 328 ಮೀಟರ್ ಎತ್ತರದ ಹೋಟೆಲು ಕಾಣಿಸುತ್ತದೆ, ಅದರ ನೆತ್ತಿಗೆ ಚಿನ್ನದ ಬಣ್ಣದ ದೊಡ್ಡ ಗೋಳ. 2011ರಲ್ಲಿ ಊರಿನ ದುಡ್ಡಿನಲ್ಲೇ ಕಟ್ಟಿಸಿದ್ದು. ಒಳಗೆ 60ನೇ ಮಹಡಿಯಲ್ಲಿ ಒಂದು ಟನ್ ತೂಗುವ ಚಿನ್ನದ ಎತ್ತು ನಿಂತಿದೆ.

ಈ ಊರಿನ ಯಜಮಾನಿಕೆ ನಾಲ್ಕು ದಶಕ ವು ರೆನ್‌ಬಾವ್ ಎಂಬ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯ ಕೈಯಲ್ಲಿತ್ತು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಗಲಾಟೆಯ ನಡುವೆ, 1969ರಲ್ಲಿ, ಅವರು ಗುಟ್ಟಾಗಿ ಒಂದು ಸಣ್ಣ ಕಬ್ಬಿಣದ ಸಾಮಾನಿನ ಕಾರ್ಖಾನೆ ಶುರುಮಾಡಿಸಿದ್ದರು. ಮುಂದೆ ದೇಶವೆಲ್ಲ ಜಮೀನು ಹಂಚಿಕೊಂಡಾಗ ಹ್ವಾಶಿ ಹಂಚಲಿಲ್ಲ. ಉಕ್ಕು, ಬಟ್ಟೆಯ ಕಾರ್ಖಾನೆ ಕಟ್ಟಿ 1999ರಲ್ಲಿ ಷೇರುಪೇಟೆಗೂ ಹೋಯಿತು. ಮೂಲ ನಿವಾಸಿಗಳಿಗೆ ಬಂಗಲೆ, ಕಾರು, ಲಾಭದಲ್ಲಿ ಪಾಲು. ಊರು ಬಿಟ್ಟು ಹೋದರೆ ಎಲ್ಲವೂ ಊರಿಗೇ ವಾಪಸ್ಸು.

ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿನ 'ಜಗತ್ತಿನ ಉದ್ಯಾನ' ಸುತ್ತಿದೆವು. ಕುಳ್ಳ ಮಹಾಗೋಡೆ, ಅಮೆರಿಕದ ಸಂಸತ್ ಭವನ, ಸಿಡ್ನಿಯ ಒಪೆರಾ ಹೌಸ್, ಎಲ್ಲವೂ ಅಕ್ಕಪಕ್ಕ. ಬಂಗಲೆಗಳ ಬೀದಿಯಲ್ಲಿ ಒಂದೇ ಅಚ್ಚಿನ ಮನೆಗಳು. ಅಲ್ಲಿ ಮಾತಿಗೆ ಸಿಕ್ಕವನು ಒಬ್ಬ ಕಾವಲುಗಾರ ಮಾತ್ರ. "ಬಂಗಲೆ ನಿಮಗೂ ಇದೆಯಾ?" ಅಂತ ಭಾಮೈದ ಕೇಳಿದ. "ನಾನು ಹೆನಾನ್‌ನವನು, ಇಲ್ಲಿ ಬಾಡಿಗೆ ಕೋಣೆ" ಅಂದ. ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಹೊರಗಿನವರೇ. ಅವರಿಗೆ ಸಂಬಳ ಉಂಟು, ಪಾಲು ಇಲ್ಲ. ಉಕ್ಕಿನ ಭರಾಟೆ ಇಳಿದ ಮೇಲೆ ಹ್ವಾಶಿಗೂ ಸಾಲ ಸುತ್ತಿಕೊಂಡಿತು, ಹಳೆಯ ಮೆರೆತ ಈಗಿಲ್ಲ. ನನಗೆ ಊರು ಹಿಡಿಸಲಿಲ್ಲ. ಮಧ್ಯಾಹ್ನವೇ ನಾನ್‌ಜಿಂಗ್ ಕಡೆ ಹೊರಟೆವು.

ಗುರುವಾರ, ಫೆಂಗ್‌ಯಾಂಗ್ ದಾರಿ

ನಾನ್‌ಜಿಂಗ್‌ನಿಂದ ಬೆಂಗ್‌ಬುಗೆ ವೇಗದ ರೈಲಿನಲ್ಲಿ ಗಂಟೆಯೊಳಗಿನ ಹಾದಿ. ನಮ್ಮ ಪಾಸ್‌ಪೋರ್ಟ್ ಸ್ವಯಂಚಾಲಿತ ಗೇಟಿಗೆ ಅರ್ಥವಾಗದಿದ್ದರೆ ಗಾಬರಿ ಬೇಡ, ಪಕ್ಕದಲ್ಲಿ ಮನುಷ್ಯರು ನಿಂತಿರುವ ಸಾಲು ಇರುತ್ತದೆ. ಬೆಂಗ್‌ಬುನಿಂದ ಒಂದು ಕಾರು ಮಾತಾಡಿಕೊಂಡೆವು. ಡ್ರೈವರಿಗೆ ಐವತ್ತರ ಹತ್ತಿರ, ಬಾಯಿ ತುಂಬ ಮಾತು, ಅದಕ್ಕಿಂತ ಹೆಚ್ಚು ಸಿಗರೇಟು.

ಜೂನ್ ಮೊದಲ ವಾರ ಅಲ್ಲಿ ಗೋಧಿ ಕೊಯ್ಲಿನ ಕೊನೆ. ಬಯಲಿನ ಬಣ್ಣ ಒಂದು ಕಡೆ ಹೊಂಬಣ್ಣ, ಪಕ್ಕದಲ್ಲೇ ಭತ್ತದ ನಾಟಿಗೆ ನೀರು ಕಟ್ಟಿದ ಕೆಸರುಗದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಲಾರಿಗಳ ಬೆನ್ನೇರಿ ಕೊಯ್ಲಿನ ಯಂತ್ರಗಳು ಸಾಲುಗಟ್ಟಿ ಎದುರಾದವು, ನಂಬರ್ ಪ್ಲೇಟು ಹೆನಾನ್, ಶಾನ್‌ದೊಂಗ್ ಕಡೆಯವು. ದಕ್ಷಿಣದಲ್ಲಿ ಗೋಧಿ ಮೊದಲು ಮಾಗುತ್ತದೆ. ಅಲ್ಲಿಂದ ಶುರುಮಾಡಿ, ಮಾಗಿದ ಹಾಗೆಲ್ಲ ಕೊಯ್ಯುತ್ತ ಉತ್ತರಕ್ಕೆ ಸಾಗುತ್ತಾರೆ. ಊಟ, ನಿದ್ದೆ ಎಲ್ಲ ಲಾರಿಯಲ್ಲೇ.

ದೊಡ್ಡ ರಸ್ತೆ ಬಿಟ್ಟು ಹಳ್ಳಿ ರಸ್ತೆಗೆ ಇಳಿದ ಕೂಡಲೇ ಅರ್ಧ ಡಾಂಬರು ಗೋಧಿಗೆ ಹೋಯಿತು. ಕಿಲೋಮೀಟರುಗಟ್ಟಲೆ ತೆಳ್ಳಗೆ ಹರಡಿದ ಕಾಳು, ಅಂಚಿಗೆ ಇಟ್ಟಿಗೆ, ಮುರುಕು ಕುರ್ಚಿಗಳ ಕಾವಲು. ನಮ್ಮ ಕಡೆ ಹುರುಳಿ, ರಾಗಿ ತೆನೆ ರಸ್ತೆಗೆ ಹಾಸಿ ಬಸ್ಸು ಲಾರಿಯಿಂದಲೇ ಒಕ್ಕಣೆ ಮಾಡಿಸುತ್ತೇವೆ. ಇಲ್ಲಿ ಒಕ್ಕಣೆಯನ್ನು ಯಂತ್ರ ಗದ್ದೆಯಲ್ಲೇ ಮುಗಿಸಿರುತ್ತದೆ, ರಸ್ತೆ ಬರೀ ಒಣಗಿಸಲು. ಡ್ರೈವರ್ ಹಾರ್ನ್ ಮಾಡದೆ, ಕಾಳಿನ ಮೇಲೆ ಗಾಲಿ ಹತ್ತಿಸದೆ ನಿಧಾನಕ್ಕೆ ಸರಿದ.

ಒಂದು ಕಡೆ ಅಜ್ಜಿಯೊಬ್ಬರು ಮರದ ಹಲುಬೆಯಿಂದ ಕಾಳಿಗೆ ಗೆರೆ ಎಳೆಯುತ್ತಿದ್ದರು. ಇಳಿದು ಮಾತಾಡಿಸಿದೆವು. ಅವರಿಗೆ ನಾಲ್ಕು ಮು ಜಮೀನು. ಒಂದು ಮು ಅಂದರೆ ನಮ್ಮ ಲೆಕ್ಕದಲ್ಲಿ ಆರೂವರೆ ಗುಂಟೆ, ಹಾಗಾಗಿ ಎಲ್ಲ ಸೇರಿ ಇಪ್ಪತ್ತಾರು ಗುಂಟೆ. ಅವರ ಒಬ್ಬ ಮಗ ಕುನ್‌ಶಾನ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ಇನ್ನೊಬ್ಬ ನಾನ್‌ಜಿಂಗ್‌ನಲ್ಲಿ ಊಟದ ಪಾರ್ಸೆಲ್ ತಲುಪಿಸುತ್ತಾನೆ. ಕುಡುಗೋಲಿನ ಕಾಲದಲ್ಲಿ ಮನೆಮಂದಿಯೆಲ್ಲ ಸೇರಿದರೂ ಕೊಯ್ಲಿಗೆ ಹದಿನೈದು ದಿನ ಹಿಡಿಯುತ್ತಿತ್ತಂತೆ. ಮಕ್ಕಳು ಊರು ಬಿಟ್ಟ ಮೇಲೂ ಸುಗ್ಗಿಗೆ ತಪ್ಪದೆ ಬರುತ್ತಿದ್ದರು. ಈಗ ನಾನ್‌ಜಿಂಗ್‌ನಿಂದಲೇ ಯಂತ್ರದವನಿಗೆ ಫೋನು ಮಾಡಿ, ದುಡ್ಡನ್ನೂ ಅಲ್ಲಿಂದಲೇ ಕಳಿಸುತ್ತಾರೆ.

"ಮೆಷಿನ್ ಬಂತು, ಮಗ ಬರೋದು ನಿಂತಿತು" ಅಂತ ನಕ್ಕರು ಅಜ್ಜಿ. ಭಾಮೈದನ ಕೈಗೆ ಹಲುಬೆ ಕೊಟ್ಟು ತಾವು ನೀರು ಕುಡಿಯಲು ಹೋದರು. ಅವನು ಎಳೆದ ಗೆರೆ ಸೊಟ್ಟ ಅಂತ ಬಂದ ಮೇಲೆ ಬೈಸಿಕೊಂಡ.

ಚೀನಾದಲ್ಲಿ ಹೀಗೆ ಊರಿನ ದಾಖಲೆ ಇಟ್ಟುಕೊಂಡು ದುಡಿಮೆಗೆ ಇಳಿದವರು 30 ಕೋಟಿಯ ಹತ್ತಿರ. ಇವರೆಲ್ಲರಿಗೂ ಒಂದು ಹುಕೋವು ಅಂಟಿಕೊಂಡಿದೆ. ನೀನು ಹಳ್ಳಿಯವನೋ ಪೇಟೆಯವನೋ ಅಂತ 1958ರಲ್ಲಿ ಬರೆದಿಟ್ಟ ಕುಟುಂಬ ನೋಂದಣಿ ಅದು. ನಿಯಮ ಈಗ ಬಹಳ ಸಡಿಲವಾಗಿದೆ. ಆದರೂ ದೊಡ್ಡ ಪೇಟೆಯ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಲು ಹೋದವರಿಗೆ ಅದರ ಬಿಗಿ ಗೊತ್ತಾಗುತ್ತದೆ. ಹಾಗಾಗಿ ಮಗ ಪೇಟೆಯಲ್ಲಿ, ಮೊಮ್ಮಗ ಅಜ್ಜಿಯ ಹತ್ತಿರ.

ಸಂಜೆ ಉಳಿಯಲು ಹೋದ ಮನೆಯಲ್ಲಿ ಒಂದು ಫಜೀತಿ. ವಿದೇಶಿಯರು ಎಲ್ಲಿ ಉಳಿದರೂ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಣಿಯಾಗಬೇಕು. ಹೋಟೆಲಿನಲ್ಲಿ ಅವರೇ ಮಾಡುತ್ತಾರೆ. ಈ ಮನೆಯ ಯಜಮಾನಿಯ ಫೋನಿಗೋ ನಮ್ಮ ಪಾಸ್‌ಪೋರ್ಟ್ ನುಂಗಲಾರದ ತುತ್ತಾಯಿತು. ಕೊನೆಗೆ ಠಾಣೆಯಿಂದ ಒಬ್ಬ ಹುಡುಗ ಸ್ಕೂಟರಿನಲ್ಲಿ ಬಂದು, ಫೋಟೊ ಹೊಡೆದು, ಚಹಾ ಕುಡಿದು, ಇಂಡಿಯಾದಲ್ಲಿ ಗೋಧಿಗೆ ರೇಟೆಷ್ಟು ಅಂತ ವಿಚಾರಿಸಿ ಹೋದ. ಹಳ್ಳಿಯಲ್ಲಿ ಉಳಿಯುವುದಾದರೆ ಕತ್ತಲಾಗುವ ಮುಂಚೆ ತಲುಪಿ, ಇಂಥದ್ದಕ್ಕೆಲ್ಲ ಹೊತ್ತು ಬೇಕು.

ಶುಕ್ರವಾರ, ಶಿಯಾವ್‌ಗಾಂಗ್

ಫೆಂಗ್‌ಯಾಂಗ್ ಮಿಂಗ್ ವಂಶದ ಮೊದಲ ಚಕ್ರವರ್ತಿ ಝು ಯುವಾನ್‌ಝಾಂಗ್ ಹುಟ್ಟಿದ ಸೀಮೆ. ಆದರೆ ಜನರ ಬಾಯಲ್ಲಿ ಉಳಿದದ್ದು ಭಿಕ್ಷೆಯ ಸೀಮೆ ಅಂತ. ಬರ ಬಂದಾಗ ಸಣ್ಣ ಡೋಲು ಬಡಿದು ಹಾಡುತ್ತ ಊರೂರು ಅಲೆಯುವುದು ಇಲ್ಲಿನ ಹಳೆಯ ಕಸುಬು. 1978ರಲ್ಲೂ ಈ ಸೀಮೆಯ ಪ್ರಾಂತ್ಯವಾದ ಆನ್‌ಹ್ವಿಗೆ ಭಾರಿ ಬರ. ಊರಿನ ಜಮೀನೆಲ್ಲ ಒಟ್ಟಿಗಿದ್ದ ಕಮ್ಯೂನಿನ ಗದ್ದೆಯಲ್ಲಿ ಗಂಟೆ ಬಾರಿಸಿದಾಗ ಹೋಗಿ, ಗಂಟೆ ಬಾರಿಸಿದಾಗ ಬರುವ ದುಡಿಮೆಯಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಆ ಚಳಿಗಾಲ ಫೆಂಗ್‌ಯಾಂಗ್‌ಗೆ ಸೇರಿದ ಹಳ್ಳಿ ಶಿಯಾವ್‌ಗಾಂಗ್‌ನ 18 ರೈತರು ಒಂದು ಮಣ್ಣಿನ ಮನೆಯಲ್ಲಿ ಸೇರಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಲೆವಿಯನ್ನು ತಪ್ಪದೆ ಕೊಡುವುದು, ಮಿಕ್ಕಿದ್ದು ನಮ್ಮದು. ಮುಖಂಡರು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ತುಂಬುವ ತನಕ ಉಳಿದವರು ಸಾಕುವುದು. ಮರುವರ್ಷದ ಫಸಲು 66 ಟನ್ ಆಯಿತು, 1966ರಿಂದ 70ರವರೆಗಿನ ಐದು ವರ್ಷ ಒಟ್ಟು ಬೆಳೆದಷ್ಟು. ಪ್ರಾಂತ್ಯದ ಪಕ್ಷದ ಮುಖ್ಯಸ್ಥ ವಾನ್ ಲಿ ಅಡ್ಡಿ ಮಾಡಲಿಲ್ಲ, ಬೆನ್ನಿಗೆ ನಿಂತ. ಮುಂದೆ ಅದೇ ದೇಶದ ನೀತಿಯಾಯಿತು, ಕಮ್ಯೂನುಗಳು ಬರಖಾಸ್ತಾದವು. ಅದೇ ಪ್ರಾಂತ್ಯದ ಫೆಯ್‌ಶಿಯಲ್ಲಿ ಇದಕ್ಕೂ ಕೆಲವು ತಿಂಗಳು ಮೊದಲೇ ಇಂಥದ್ದು ನಡೆದಿತ್ತು, ಈಗ ತೋರಿಸುವ ಕಾಗದ ಅಸಲಿಯೋ ಅಲ್ಲವೋ ಅಂತ ತಕರಾರು ಎತ್ತಿದವರೂ ಇದ್ದಾರೆ. ಹೆಸರು ಮಾತ್ರ ಶಿಯಾವ್‌ಗಾಂಗ್‌ಗೇ ದಕ್ಕಿತು.

ಈಗ ಅಲ್ಲಿ ಅಗಲವಾದ ರಸ್ತೆ, ದೊಡ್ಡ ಸ್ಮಾರಕ ಭವನ, ಟೂರಿಸ್ಟ್ ಬಸ್ಸುಗಳ ಸಾಲು. ಕೆಂಪು ಬಾವುಟ ಹಿಡಿದ ಪಕ್ಷದ ತಂಡಗಳು ಫೋಟೊಗೆ ನಿಲ್ಲುತ್ತವೆ. ಆ ಗದ್ದಲ ತಪ್ಪಬೇಕೆಂದರೆ ಬೆಳಗ್ಗೆ ಬೇಗ ಹೋಗಿ. ಹುಲ್ಲಿನ ಚಾವಣಿಯ ಮಣ್ಣಿನ ಮನೆಯನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. ಒಳಗೆ ಕಾಲಿಟ್ಟರೆ ಬಗ್ಗಿಯೇ ನಡೆಯಬೇಕು. ಗೋಡೆ ಸವರಿದೆ, ನುಣುಪು. ನಮ್ಮಜ್ಜನ ಮನೆಯ ಗೋಡೆಗೆ ಕೈತಾಗಿಸಿದರೆ ಹುಡಿ ಉದುರುತ್ತಿತ್ತು, ಇಲ್ಲಿ ಏನೂ ಉದುರಲಿಲ್ಲ.

ಭವನದ ಹಿಂದಿನ ಬೀದಿಯ ನೆರಳಲ್ಲಿ ನಾಲ್ಕೈದು ಹಿರಿಯರು ಇಸ್ಪೀಟು ಆಡುತ್ತಿದ್ದರು. ಆಟ ಬಿಟ್ಟು ನಮ್ಮ ಹತ್ತಿರ ಸರಿದವರೊಬ್ಬರಿಗೆ ಎಪ್ಪತ್ತು ದಾಟಿತ್ತು. ನಾನು ಹೆಬ್ಬೆಟ್ಟಿನ ಕಥೆ ಕೇಳಿದೆ. ಅವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ, "ಅದನ್ನ ಒಳಗೆ ಗೋಡೆ ಮೇಲೆ ಬರೆದಿದಾರೆ" ಅಂದರು. ಅವರು ಹೇಳಿದ್ದು ಲೆವಿ ಕೊಡುವ ಕಥೆ. ಜಮೀನು ಕೈಗೆ ಬಂದ ಮೇಲೂ ಧಾನ್ಯದ ತೆರಿಗೆ ಹೋಗಿರಲಿಲ್ಲ. ಸುಗ್ಗಿ ಮುಗಿದ ಕೂಡಲೇ ಕೈಗಾಡಿಗೆ ಮೂಟೆ ಹೇರಿ, ಕತ್ತಲಲ್ಲೇ ಹೊರಟು ಉಗ್ರಾಣದ ಮುಂದೆ ಸಾಲು ಹಿಡಿಯಬೇಕು. ಪರೀಕ್ಷೆ ಮಾಡುವವನ ಕೈಯಲ್ಲಿ ಒಂದು ಟೊಳ್ಳು ಕಬ್ಬಿಣದ ಸಲಾಕೆ. ಅದನ್ನು ಮೂಟೆಯ ನಡು ಮಧ್ಯಕ್ಕೆ ಚುಚ್ಚಿ ಎಳೆದರೆ ತೋಡಿನಲ್ಲಿ ಒಂದು ಹಿಡಿ ಕಾಳು ಬರುತ್ತದೆ. ಎರಡು ಕಾಳು ಬಾಯಿಗೆ ಹಾಕಿ ಕಡಿಯುತ್ತಾನೆ. ಕಟ್ ಅಂದರೆ ಪಾಸು. ಅನ್ನದಿದ್ದರೆ ಅಲ್ಲೇ ಅಂಗಳದಲ್ಲಿ ಹರಡಿ ಒಣಗಿಸು, ನಾಳೆ ಮತ್ತೆ ಸಾಲು. "ಅವನ ಹಲ್ಲಿನ ಮೇಲೆ ನಮ್ಮ ವರ್ಷ ನಿಂತಿತ್ತು" ಅಂದರು. 2006ರಲ್ಲಿ ಕೃಷಿ ತೆರಿಗೆ ಪೂರ್ತಿ ರದ್ದಾಯಿತು. ಈಗ ಬೆಳೆದದ್ದಕ್ಕೆ ಸರ್ಕಾರವೇ ಸಬ್ಸಿಡಿ ಕೊಡುತ್ತದೆ. "ಆ ವರ್ಷ ನನಗೆ ನಂಬಿಕೆ ಬರಲಿಲ್ಲ, ಎರಡು ಮೂಟೆ ಕಟ್ಟಿ ಇಟ್ಟೇ ಇದ್ದೆ."

"ಈಗ ಎಷ್ಟು ಬೆಳೀತೀರಿ?" ಅಂದೆ. "ನಾನಾ? ಬೆಳೆಯಲ್ಲ. ಗುತ್ತಿಗೆ ಕೊಟ್ಟಿದ್ದೀನಿ."

ನನಗೆ ಶಿಯಾವ್‌ಗಾಂಗ್‌ನಲ್ಲಿ ನೋಡಬೇಕಿದ್ದದ್ದು ಇದೇ. ಹಂಚಿಕೊಂಡು ಹೆಸರಾದ ಊರಿನ ಗದ್ದೆಗಳ ಬದುಗಳು ಈಗ ಮತ್ತೆ ಮಾಯವಾಗಿವೆ. ಊರಾಚೆ ಹೋದರೆ ಒಂದೊಂದು ತಾಕು ಕಣ್ಣು ಹರಿಯುವಷ್ಟು ಉದ್ದ, ಟ್ರಾಕ್ಟರು ತಿರುಗಿಸಲು ನಡುವೆ ಎಲ್ಲೂ ನಿಲ್ಲಬೇಕಿಲ್ಲ. ಜಮೀನಿನ ಒಡೆತನ ಊರಿನ ಸಮೂಹದ್ದು, ಸಾಗುವಳಿಯ ಹಕ್ಕು ಮನೆಯದ್ದು, ಉಳುವುದು ಮಾತ್ರ ಗುತ್ತಿಗೆ ಹಿಡಿದ ದೊಡ್ಡ ಹಿಡುವಳಿದಾರ ಅಥವಾ ಕಂಪನಿ. 2015ರಲ್ಲಿ ಇಲ್ಲಿಯವರಿಗೆ ಹಕ್ಕುಪತ್ರದ ಕೆಂಪು ಪುಸ್ತಕ ಸಿಕ್ಕಿತು. 2018ರಲ್ಲಿ ಊರಿನ ಸಾಮೂಹಿಕ ಕಂಪನಿ ಮೊದಲ ಸಲ ತಲೆಗೆ 350 ಯುವಾನ್ ಲಾಭಾಂಶ ಹಂಚಿತು. ಇದನ್ನು ಹಿಂದಕ್ಕೆ ಹೋದರು ಅಂತ ಆಡಿಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಅಂದು ಜಮೀನು ಒಟ್ಟಿಗಿದ್ದಾಗ ಊರು ಬಿಟ್ಟು ಹೋಗಲು ಚೀಟಿ ಬೇಕಿತ್ತು. ಇಂದು ಈ ಹಿರಿಯರ ಗುತ್ತಿಗೆ ದುಡ್ಡು ಮೊಬೈಲಿಗೆ ಬರುತ್ತದೆ, ಅವರು ಇಸ್ಪೀಟು ಆಡುತ್ತಾರೆ, ಮಗ ಹಾಂಗ್‌ಝೋನಲ್ಲಿದ್ದಾನೆ. ಆದರೆ ಗುತ್ತಿಗೆಯ ದುಡ್ಡಿನಿಂದ ಮುಪ್ಪು ಕಳೆಯುವುದು ಸುಲಭವಲ್ಲ. ಹಳ್ಳಿಯ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ 2025ರಲ್ಲಿ ನಿಗದಿ ಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 143 ಯುವಾನ್. ನಮ್ಮ ದುಡ್ಡಿನಲ್ಲಿ ಸುಮಾರು 1,700 ರೂಪಾಯಿ.

ಒಂದೇ ರಾತ್ರಿಯಲ್ಲಿ ಹಸಿವು ದಾಟಿದರು, ಇಪ್ಪತ್ತು ವರ್ಷವಾದರೂ ಸಿರಿತನದ ಹೊಸಲು ದಾಟಲಿಲ್ಲ ಅಂತ ಈ ಊರಿನ ಬಗ್ಗೆ ಒಂದು ಮಾತಿದೆ. 2004ರಲ್ಲಿ ಪ್ರಾಂತ್ಯದ ಹಣಕಾಸು ಇಲಾಖೆಯಿಂದ ಶೆನ್ ಹಾವ್ ಎಂಬ ಅಧಿಕಾರಿ ಪಕ್ಷದ ಕಾರ್ಯದರ್ಶಿಯಾಗಿ ಬಂದ. ಅವಧಿ ಮುಗಿದಾಗ ಇವನನ್ನು ಕಳಿಸಬೇಡಿ ಅಂತ ಜನ ಮತ್ತೆ ಹೆಬ್ಬೆಟ್ಟು ಒತ್ತಿ ಅರ್ಜಿ ಹಾಕಿದರು. 2009ರಲ್ಲಿ ಅವನು ಈ ಊರಲ್ಲೇ ತೀರಿಕೊಂಡ. ಇಲ್ಲೇ ಮಣ್ಣು ಮಾಡಿ ಅಂತಲೂ ಹೆಬ್ಬೆಟ್ಟು ಒತ್ತಿದರು. ಅವನ ಸಮಾಧಿಯ ಮುಂದೆ ಹೂವಿತ್ತು, ಹೊಸದು.

ಊಟಕ್ಕೆ ಊರವರೇ ನಡೆಸುವ ಒಂದು ಹೋಟೆಲು. ಫೆಂಗ್‌ಯಾಂಗ್‌ನ ಹೆಮ್ಮೆ ಹೂರಣ ತುಂಬಿ ಕರಿದ ತೋಫು, ಆದರೆ ಹೂರಣ ಹಂದಿ ಮಾಂಸದ್ದು. ನಾನು ಮೊಟ್ಟೆಯವರೆಗೆ ಮಾತ್ರ ಸಡಿಲ. 'ಮಾಂಸ ಬೇಡ' ಅಂದರೆ ಅಲ್ಲಿ ಸಾಲದು, ಮಾಂಸದ ಚೂರು, ಹಂದಿ ಕೊಬ್ಬು, ಸೀಗಡಿ ಪುಡಿ ಅಂತ ಒಂದೊಂದೂ ಹೆಸರು ಹಿಡಿದು ಬೇಡ ಅನ್ನಬೇಕು. ಅಡಿಗೆಯಾಕೆ ಟೊಮೇಟೊ ಮೊಟ್ಟೆ, ಬೆಳ್ಳುಳ್ಳಿ ಒಗ್ಗರಣೆಯ ಸೊಪ್ಪು, ಅನ್ನ ತಂದಿಟ್ಟರು. ಭಾಮೈದ ನನ್ನ ಪಾಲಿನ ತೋಫುವನ್ನೂ ತಿಂದು ಮುಗಿಸಿದ.

ಶನಿವಾರ, ಪರೀಕ್ಷೆಯ ದಿನ

ಫೆಂಗ್‌ಯಾಂಗ್ ಪೇಟೆಯ ಬೆಳಗ್ಗೆ ಒಂದೂ ಹಾರ್ನ್ ಇಲ್ಲ. ಜೂನ್ 7, ದೇಶವೆಲ್ಲ ಗಾವೋಕಾವ್, ಕಾಲೇಜಿಗೆ ಸೇರುವ ಪರೀಕ್ಷೆ. ಶಾಲೆಯ ಗೇಟಿನ ಮುಂದೆ ತಾಯಂದಿರ ಜಾತ್ರೆ, ಹಲವರು ಗೆಲುವಿನ ಶುಭಕ್ಕೆಂದು ಕೆಂಪು ಚಿಪಾವ್ ಉಡುಪು ತೊಟ್ಟಿದ್ದರು. ಸೈಜು ಕೂಡದ ಹೊಸ ಬಟ್ಟೆಯಲ್ಲಿ, ಬಿಸಿಲಲ್ಲಿ ಬೆವರುತ್ತ ನಿಂತಿದ್ದಾರೆ.

ಅವರಲ್ಲಿ ಒಬ್ಬಾಕೆ ಹಳ್ಳಿಯವರು, ಮೂರು ವರ್ಷದಿಂದ ಶಾಲೆಯ ಹಿಂದೆಯೇ ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಗಂಡ ಕಟ್ಟಡದ ಕೆಲಸಕ್ಕೆ ಹೊರ ಊರಲ್ಲಿ. ಮಗಳಿಗೆ ಮೂರು ಹೊತ್ತು ಅಡಿಗೆ ಮಾಡಿ ಹಾಕುವುದು, ನಡುವೆ ಹತ್ತಿರದ ಬಟ್ಟೆ ಕಾರ್ಖಾನೆಯಿಂದ ತುಂಡು ಲೆಕ್ಕದ ಹೊಲಿಗೆ. ಹಳ್ಳಿಯ ಶಾಲೆ ಏನಾಯಿತು ಅಂದೆ. 2001ರ ನಂತರ ಸರ್ಕಾರ ಸಣ್ಣ ಶಾಲೆಗಳನ್ನು ಮುಚ್ಚಿ ಒಂದಕ್ಕೊಂದು ಸೇರಿಸುತ್ತ ಬಂದಿತಲ್ಲ, ಇವರ ಊರಿನದೂ ಹಾಗೇ ಹೋಯಿತಂತೆ. ಮೊದಲು ಗಂಡಸರು ದುಡಿಯಲು ಹೋದರು, ಆಮೇಲೆ ಮಕ್ಕಳು ಓದಲು ಹೋದರು, ಮಕ್ಕಳ ಹಿಂದೆ ತಾಯಂದಿರು. ಹಳ್ಳಿ ಖಾಲಿಯಾದದ್ದಕ್ಕೆ ನಾವು ಕಾರ್ಖಾನೆಯನ್ನಷ್ಟೇ ದೂರುತ್ತೇವೆ, ಶಾಲೆಯನ್ನು ಮರೆಯುತ್ತೇವೆ.

ಬೆಂಗ್‌ಬು ಸ್ಟೇಷನ್ನಿಗೆ ಬಿಡಲು ಅದೇ ಡ್ರೈವರ್ ಬಂದ. ದಾರಿಯುದ್ದಕ್ಕೂ ಮಗನ ಮದುವೆಯ ಚಿಂತೆ. ಅಲ್ಲಿ ತೆರ ಕೊಡಬೇಕಾದವರು ಗಂಡಿನ ಕಡೆಯವರು. ನಗದು ಒಂದು ಕಡೆ, ಪೇಟೆಯಲ್ಲಿ ಫ್ಲಾಟು, ಕಾರು. ಒಂದೇ ಮಗುವಿನ ಕಾಲದಲ್ಲಿ ಗಂಡೇ ಬೇಕೆಂದು ಹೆಣ್ಣುಭ್ರೂಣ ತೆಗೆಸಿದ ಊರುಗಳಲ್ಲಿ ಈಗ ಹುಡುಗಿಯರಿಲ್ಲ, ಇದ್ದವರೂ ಪೇಟೆಯಲ್ಲಿದ್ದಾರೆ. "ಹಳ್ಳೀಲಿ ಮೂರಂತಸ್ತಿನ ಮನೆ ಕಟ್ಟಿಸಿದೀನಿ, ನೋಡೋಕೂ ಬರಲ್ಲ ಅಂತಾರೆ" ಅಂದ. ನಮ್ಮಲ್ಲೂ ವ್ಯವಸಾಯದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅಂತ ಭಾಮೈದ ಹೇಳಿದಾಗ ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಒಂದು ಸಿಗರೇಟು ಕೊಡಲು ಬಂದ.

ರಾತ್ರಿ ಶುಝೋ. ಬೀದಿಯಲ್ಲಿ ಒಬ್ಬ ಹೆಂಗಸು ಕಡ್ಡಿಯಷ್ಟು ಸಣ್ಣ ಲಟ್ಟಣಿಗೆಯಲ್ಲಿ ಗೋಧಿ ಹಿಟ್ಟು ಲಟ್ಟಿಸಿ, ಉಬ್ಬಿದ ಕಾವಲಿಯ ಮೇಲೆ ಹಾಕಿ, ಬಿದಿರ ಪಟ್ಟಿಯಲ್ಲಿ ಮಗುಚುತ್ತಿದ್ದಳು. ಲಾವೋಮೊ ಅಂತ ಅದರ ಹೆಸರು, ನನ್ನ ಕಣ್ಣಿಗೆ ಚಪಾತಿ. ಒಳಗೆ ಗರಿಗರಿ ಕರಿದ ಎಳೆಗಳನ್ನಿಟ್ಟು ಸುತ್ತಿ ಕೊಡುತ್ತಾರೆ. ಸಸ್ಯಾಹಾರಿಗಳು ಶುಝೋನಲ್ಲಿ ಕಣ್ಣು ಮುಚ್ಚಿ ತಿನ್ನಬಹುದಾದದ್ದು ಇದು. ನಾನು ಲೆಕ್ಕ ಬಿಟ್ಟು ತಿಂದೆ.

ಭಾನುವಾರ, ಶಾಜಿ

ಶುಝೋನಿಂದ ಸುಯ್‌ನಿಂಗ್‌ಗೆ ರೈಲು, ಅಲ್ಲಿಂದ ಶಾಜಿಯ ದೊಂಗ್‌ಫೆಂಗ್ ಹಳ್ಳಿಗೆ ಟ್ಯಾಕ್ಸಿ. ಊರು ಬಂತೆಂದು ಮೂಗಿಗೆ ಮೊದಲು ತಿಳಿಯುತ್ತದೆ, ಗಾಳಿಯಲ್ಲಿ ಹಲಗೆ ಕೊಯ್ದ ಹುಡಿಯ ವಾಸನೆ. ಮೊದಲು ಇಲ್ಲಿನ ಕಸುಬು ಹಳೆ ಪ್ಲಾಸ್ಟಿಕ್ ಆಯ್ದು ತೊಳೆದು ಮಾರುವುದು. 2006ರಲ್ಲಿ ಸುನ್ ಹಾನ್ ಎಂಬ ಯುವಕ ಟೆಲಿಫೋನ್ ಕಂಪನಿಯ ಕೆಲಸ ಬಿಟ್ಟು ಬಂದು, ಅಲಿಬಾಬಾ ಕಂಪನಿಯ ಆನ್‌ಲೈನ್ ಮಾರುಕಟ್ಟೆಯಾದ ತಾವ್‌ಬಾವ್‌ನಲ್ಲಿ ಅಂಗಡಿ ತೆರೆದ. ಶಾಂಘೈನ ಐಕಿಯಾದಲ್ಲಿ ಕಂಡ, ಬಿಚ್ಚಿ ಜೋಡಿಸುವ ಸರಳ ಕಪಾಟುಗಳನ್ನು ಊರಿನ ಬಡಗಿಗಳಿಂದ ಮಾಡಿಸಿ ಮಾರಿದ. ಅವನನ್ನು ನೋಡಿ ಪಕ್ಕದ ಮನೆ, ಅದನ್ನು ನೋಡಿ ಇಡೀ ಊರು. ಅಲಿಬಾಬಾ 2013ರಲ್ಲಿ ಮೊದಲು ಗುರುತಿಸಿದ 20 'ತಾವ್‌ಬಾವ್ ಹಳ್ಳಿ'ಗಳಲ್ಲಿ ಇದೂ ಒಂದು. 2020ರ ಹೊತ್ತಿಗೆ ಅಂಥ ಹಳ್ಳಿಗಳು 5,425.

ಭಾನುವಾರವಾದರೂ ಎಲ್ಲ ಗರಗಸಗಳೂ ಕೂಗುತ್ತಿದ್ದವು. ತೆರೆದ ಬಾಗಿಲಿನ ಒಂದು ಕಾರ್ಖಾನೆಯೊಳಗೆ ಇಣುಕಿದೆವು, ಮಾಲೀಕ ಕರೆದು ಸ್ಟೂಲು ಹಾಕಿದ. ನಲವತ್ತರ ಆಸುಪಾಸು. ಮೊದಲು ವೆನ್‌ಝೋನಲ್ಲಿ ಬೂಟಿನ ಕಾರ್ಖಾನೆಯಲ್ಲಿದ್ದವನು, ಊರಲ್ಲೇ ದುಡಿಮೆ ಇದೆ ಅಂತ ವಾಪಸ್ಸು ಬಂದಿದ್ದಾನೆ. ಹಲಗೆಯನ್ನು ಕಂಪ್ಯೂಟರ್ ಕೊಯ್ಯುತ್ತದೆ, ಅಂಚಿಗೆ ಪಟ್ಟಿ ಅಂಟಿಸಲು ಇನ್ನೊಂದು ಯಂತ್ರ. ಹೆಂಡತಿ ಪಕ್ಕದ ಕೋಣೆಯಲ್ಲಿ ಮೂರು ಪರದೆ ಇಟ್ಟುಕೊಂಡು ಗಿರಾಕಿಗಳಿಗೆ ಉತ್ತರಿಸುತ್ತಾಳೆ. ಪ್ಯಾಕಿಂಗ್ ಮೇಜಿನ ಹತ್ತಿರ ಊರಿನ ಇಬ್ಬರು ವಯಸ್ಸಾದ ಹೆಂಗಸರು. ಅವರ ಮುಂದೆ ಚಿನ್ನದಂಗಡಿಯ ತಕ್ಕಡಿಯಂಥ ಪುಟ್ಟ ಎಲೆಕ್ಟ್ರಾನಿಕ್ ತೂಕದ ಯಂತ್ರ. ಸ್ಕ್ರೂಗಳನ್ನು ಎಣಿಸುವುದಿಲ್ಲ, ತೂಗುತ್ತಾರೆ. ತೂಕ ಸರಿಬಂದ ಮೇಲೂ ಎರಡು ಸ್ಕ್ರೂ ಹೆಚ್ಚಿಗೆ ಹಾಕಿ ಪೊಟ್ಟಣ ಮುಚ್ಚುತ್ತಾರೆ. ಒಂದು ಸ್ಕ್ರೂ ಕಡಿಮೆಯಾದರೆ ಗಿರಾಕಿ ಕೆಟ್ಟ ರೇಟಿಂಗ್ ಕೊಡುತ್ತಾನೆ, ಒಂದು ಕೆಟ್ಟ ರೇಟಿಂಗಿಗೆ ವಾರದ ವ್ಯಾಪಾರ ಕೆಳಗಿಳಿಯುತ್ತದೆ ಅಂದ ಮಾಲೀಕ. ನನಗೆ ಲೆವಿ ಪರೀಕ್ಷಿಸುವವನ ಹಲ್ಲು ನೆನಪಾಯಿತು, ಹೇಳಲಿಲ್ಲ.

ನಾನು ನೋಡಿದ ಹಳ್ಳಿಗಳಲ್ಲಿ ಮಧ್ಯವಯಸ್ಸಿನವರು ಕಂಡದ್ದು ಇಲ್ಲೇ. ಹಾಗಂತ ಇದನ್ನು ಗೆದ್ದ ಊರು ಅಂತ ಬರೆಯಲಾರೆ. ಗದ್ದೆ ಹುಡುಕಬೇಕು, ಹಾಗಿದೆ. ಎಲ್ಲರೂ ಅದೇ ಬೀರು ಮಾಡುವುದರಿಂದ ಬೆಲೆ ಇಳಿಸುವ ಪೈಪೋಟಿ. ಈಗ ಹೆಂಡತಿ ದಿನಕ್ಕೆ ಎರಡು ಹೊತ್ತು ಕ್ಯಾಮೆರಾ ಮುಂದೆ ನಿಂತು ಲೈವ್‌ನಲ್ಲೂ ಮಾರಬೇಕು. ಮಗಳು ಇದಕ್ಕೆ ಬರುವುದಿಲ್ಲವಂತೆ, ಪಶುವೈದ್ಯಕೀಯ ಓದುತ್ತಿದ್ದಾಳೆ. "ಬರೋದು ಬೇಡ" ಅಂತ ಅವನೇ ಅಂದ. ಕಾರ್ಖಾನೆಯ ಹಿಂದೆ ಅವನಪ್ಪ ಹಠ ಹಿಡಿದು ಉಳಿಸಿಕೊಂಡ ಅರ್ಧ ಮು ಗೋಧಿ. ಕೊಯ್ಲಿನ ಯಂತ್ರ ಒಳಗೆ ನುಗ್ಗಲು ದಾರಿಯಿಲ್ಲ, ಹಾಗಾಗಿ ಮುದುಕರು ಕುಡುಗೋಲಿನಲ್ಲೇ ಕೊಯ್ದು ಮುಗಿಸಿ, ಕಾಳನ್ನು ಬೀರು ತುಂಬುವ ರಟ್ಟಿನ ಮೇಲೆ ಒಣಗಲು ಹಾಕಿದ್ದರು.

ಕರೆದ ಟ್ಯಾಕ್ಸಿ ಬರಲೇ ಇಲ್ಲ. ಹೋಗುವಾಗಲೇ ವಾಪಸ್ಸು ಬಾಡಿಗೆಯನ್ನೂ ಮಾತಾಡಿಕೊಳ್ಳುವುದು ಕ್ಷೇಮ. ಮಾಲೀಕ ತನ್ನ ಸಾಮಾನಿನ ವ್ಯಾನಿನಲ್ಲೇ ಕೂರಿಸಿಕೊಂಡು ಸ್ಟೇಷನ್ನಿಗೆ ಬಿಟ್ಟ. ಬೆಂಗಳೂರಲ್ಲಿ ಬಡಗಿ ದಿನಕ್ಕೆಷ್ಟು ತಗೊಳ್ತಾನೆ, ಬಾಡಿಗೆ ಮನೆಯವರು ಬೀರು ಕೊಳ್ತಾರಾ, ದಾರಿಯುದ್ದಕ್ಕೂ ವಿಚಾರಣೆ. ನಿಮ್ಮನೆ ಗೋಡೆಯ ಅಳತೆ ಕಳಿಸಿ ಅಂದ. ರೈಲಿನಿಂದಲೇ ಹೆಂಡತಿಗೆ ಹೇಳಿ ಅಳತೆ ತರಿಸಿ ಕಳಿಸಿದೆ. ಶುಝೋ ತಲುಪುವಷ್ಟರಲ್ಲಿ ಉತ್ತರ ಬಂತು: ಹಡಗಿನ ಬಾಡಿಗೆ ಬೀರಿಗಿಂತ ಹೆಚ್ಚಾಗುತ್ತದೆ, ಬೇಡ, ಊರಲ್ಲೇ ಮಾಡಿಸಿ. ಕೆಳಗೆ ಸ್ಕ್ರೂಗಳ ಪಟ್ಟಿ, ಯಾವ ಸೈಜಿನದು ಎಷ್ಟೆಷ್ಟು ಬೇಕು ಅಂತ.